ದೊಡ್ಡಕ್ಕನ ವಿಷಯವಾಗಿ ಇನ್ನೂ ಯೋಚಿಸುತ್ತಿರುವ ಅಧ್ಯಕ್ಷರಿಗೆ

ನಮ್ಮ ಮಹಿಳಾ ಹಾಕಿ ತಂಡದ ಪುನರ್ನಿರ್ಮಾಣ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ, ಅದೇ ತಂಡದ ಗೋಲ್‌ಕೀಪರ್ ಹೆಲ್ಮೆಟ್ ತೆಗೆದು, ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಟೈಲ್ಸ್ ಅಂಗಡಿಯ ವ್ಯಾಪಾರ ಚೆನ್ನಾಗಿ ನಡೆದಿದೆಯೆಂದೂ ನಂಬಿದ್ದೇನೆ. ಹೋದ ವರ್ಷ ಹತ್ತು ತಂಡಗಳಲ್ಲಿ ನಾವು ಒಂಬತ್ತನೆಯವರಾದಾಗ ಊರೆಲ್ಲ ಬೈದರೂ ತಾವು ಮಾತ್ರ ಎದೆಗುಂದದೆ, ಈ ತಂಡವನ್ನು ಬುಡಸಮೇತ ಕೆಡವಿ ಹೊಸದಾಗಿ ಕಟ್ಟುತ್ತೇನೆಂದು ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಭಾಷಣ ಮಾಡಿದಿರಿ. ಅದರಲ್ಲಿ ಕೆಡವುವ ಭಾಗ ಇಷ್ಟು ಅಚ್ಚುಕಟ್ಟಾಗಿ ಮುಗಿದದ್ದಕ್ಕೆ ಮೊದಲು ನನ್ನ ಅಭಿನಂದನೆಗಳನ್ನು ಸ್ವೀಕರಿಸಬೇಕು.

ದೊಡ್ಡಕ್ಕ ಎಂದು ನಾವೆಲ್ಲ ಕರೆಯುವ ನಮ್ಮ ಡಿಫೆಂಡರನ್ನು ತಾವು ಗ್ಯಾಲರಿಯಿಂದ ನೋಡಿದವರು, ನಾನು ಹಿಂದಿನಿಂದ ನೋಡಿದವಳು. ಒಂಬತ್ತು ವರ್ಷ ನನ್ನ ಗೋಲಿನ ಮುಂದೆ ನಿಂತ ಅವಳ ಬೆನ್ನು ನನಗೆ ಎಷ್ಟು ಪರಿಚಯವೆಂದರೆ, ಅವಳ ಭುಜ ತುಸು ವಾಲಿದರೂ ಚೆಂಡು ಯಾವ ಕಡೆಯಿಂದ ಬರುತ್ತಿದೆಯೆಂದು ತಿಳಿದು ನಾನು ಆಗಲೇ ಕಾಲು ಚಾಚಿರುತ್ತಿದ್ದೆ.

ಇಂಥವಳನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಎಳೆಯರನ್ನು ತರುವ ಸಂಗತಿಯನ್ನು ತಾವು ಬಾಯಿಬಿಟ್ಟು ಹೇಳಿ ಅವಳಿಗೆ ಮುಜುಗರ ಮಾಡಲಿಲ್ಲ. ನೋಟಿಸ್ ಬೋರ್ಡಿನಲ್ಲಿ, ಬಟ್ಟೆ ಒಗೆಯುವ ಯಂತ್ರ ಕೆಟ್ಟಿದೆ ಎಂಬ ಚೀಟಿಯ ಕೆಳಗೆ, ‘ಕೊಡುವುದು: ಡಿಫೆಂಡರ್ ಒಬ್ಬರು, ವಯಸ್ಸು ಮೂವತ್ತೈದು. ಬೇಕಾದದ್ದು: ಫಾರ್ವರ್ಡ್ ಇಬ್ಬರು, ಇಪ್ಪತ್ತೊಂದರ ಒಳಗಿನವರು’ ಎಂದು ಟೈಪ್ ಮಾಡಿಸಿ ಅಂಟಿಸಿದಿರಿ. ಅಕ್ಕ ಅದನ್ನು ಎರಡು ಸಲ ಓದಿದಳು. ಪಕ್ಕದಲ್ಲಿದ್ದ ಕೋಚ್ ಸಾಹೇಬರ ಜೇಬಿನಿಂದ ಪೆನ್ನು ತೆಗೆದು, ಮೂವತ್ತೈದನ್ನು ಹೊಡೆದುಹಾಕಿ ಮೂವತ್ತನಾಲ್ಕು ಎಂದು ತಿದ್ದಿದಳು. ‘ಇನ್ನೊಬ್ರಿಗೆ ಕೊಡೋವಾಗ ಸರಿಯಾಗಿ ಬರೆದು ಕೊಡ್ಬೇಕಲ್ವಾ ಸರ್’ ಎಂದು ಪೆನ್ನು ಮರಳಿಸಿ ಅಭ್ಯಾಸಕ್ಕೆ ಹೊರಟಳು. ಅವತ್ತು ಅವಳಿಗೆ ಶೂ ದಾರ ಕಟ್ಟಲು ಹಿಡಿದ ಹೊತ್ತಿನಲ್ಲಿ ನಾನು ನನ್ನ ಪ್ಯಾಡುಗಳನ್ನು ಎರಡು ಸಲ ಬಿಚ್ಚಿ ಕಟ್ಟಿಕೊಂಡೆ. ಆದರೆ ಶೂ ದಾರಗಳು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಬಲ್ಲೆ.

ಆಮೇಲೆ ತಂಡದಲ್ಲಿ ಆಗಲೇ ಇದ್ದ ಎಳೆಯರಿಗೆ ಅನುಭವವಾಗಲೆಂದು ತಾವು ಅಕ್ಕನನ್ನು ಮೂರು ಪಂದ್ಯ ಬೆಂಚಿನ ಮೇಲೆ ಕೂರಿಸಿದಿರಿ. ಅನುಭವ ಧಾರಾಳವಾಗಿಯೇ ಆಯಿತು. ಮೊದಲ ಪಂದ್ಯದಲ್ಲಿ ನಾಲ್ಕು ಗೋಲು, ಎರಡನೆಯದರಲ್ಲಿ ಐದು. ಬಲೆಯೊಳಗಿನ ಚೆಂಡು ಹೆಕ್ಕಲು ಅಷ್ಟು ಸಲ ಬಗ್ಗಿ ಬಗ್ಗಿ ನನ್ನ ಹಳೆಯ ಬೆನ್ನುನೋವು ವಾಸಿಯಾದದ್ದಕ್ಕೆ ತಮಗೆ ಋಣಿ. ಹುಡುಗಿಯರದು ತಪ್ಪಿಲ್ಲ. ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ, ಸಿಡಿದು ಬರುವ ಚೆಂಡಿಗೆ ಎದುರಾಗಿ ಯಾರು ಮೊದಲು ಓಡಬೇಕೆಂದು ತಿಳಿಯದೆ, ಬಾಗಿಲಲ್ಲಿ ‘ನೀವು ಮೊದಲು, ನೀವು ಮೊದಲು’ ಎನ್ನುವ ನೆಂಟರಂತೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮೂರನೆಯ ಪಂದ್ಯದಲ್ಲಿ ಬೆಂಚಿನಿಂದಲೇ ಕೂಗಿ ಹೇಳಿಕೊಡಲು ಹೋಗಿ ಅಕ್ಕ ಅಂಪೈರರಿಂದ ಹಸಿರು ಕಾರ್ಡ್ ಪಡೆದಳು. ಆಡದೆಯೇ ಶಿಕ್ಷೆ ಪಡೆಯುವ ಈ ಸಾಧನೆ ತಮ್ಮ ಆಡಳಿತದಲ್ಲಲ್ಲದೆ ಬೇರೆಲ್ಲಿ ಸಾಧ್ಯವಿತ್ತು?

ಅದೇ ಪಂದ್ಯದಲ್ಲಿ ಆರನೆಯ ಗೋಲು ಬಿದ್ದ ಮೇಲೆ, ಯಾರು ಏನು ಹೇಳಿದರೂ ಹೂಂಗುಟ್ಟುವ ನಮ್ಮ ಕೋಚ್ ಸಾಹೇಬರು ಮೊದಲ ಬಾರಿಗೆ ತಮ್ಮನ್ನು ಕೇಳದೆ ಅವಳನ್ನು ಕೊನೆಯ ಹದಿನೈದು ನಿಮಿಷಕ್ಕೆ ಇಳಿಸಿದರು. ಆಗ ಎದುರಾಳಿಗಳಿಗೆ ಸಿಕ್ಕ ಎರಡು ಕಾರ್ನರ್‌ಗಳಿಗೂ ಅವಳೇ ಮುಂದೆ ಓಡಿದಳು, ಒಂದು ಚೆಂಡನ್ನು ಸ್ಟಿಕ್ಕಿನಿಂದಲೂ ಇನ್ನೊಂದನ್ನು ಮೊಣಕಾಲಿನಿಂದಲೂ ತಡೆದಳು, ಏಳನೆಯ ಗೋಲು ಬೀಳಲಿಲ್ಲ. ಅದನ್ನು ಕಣ್ಣಾರೆ ಕಂಡ ಎದುರಾಳಿ ತಂಡದ ಮ್ಯಾನೇಜರು ಮರುದಿನವೇ ಇಬ್ಬರು ಫಾರ್ವರ್ಡ್‌ಗಳನ್ನು ಕೊಡುತ್ತೇವೆ, ಅವಳನ್ನು ನಮಗೆ ಕೊಡಿ ಎಂದು ತಮ್ಮ ಅಂಗಡಿಗೇ ಬಂದರು.

ತಾವು ಅಕ್ಕನನ್ನು ಕರೆಸಿದಾಗ ಟೈಲ್ಸ್ ಮಾದರಿಗಳ ರಾಶಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದವಳು ನಾನೇ. ‘ನೀವು ಈ ತಂಡದ ಆಸ್ತಿ ಅಮ್ಮಾ’ ಎಂದ ತಾವು, ಅದೇ ಉಸಿರಿನಲ್ಲಿ ಲಾಕರ್ ಕೀಲಿ ಎಲ್ಲಿದೆ ಎಂದು ಕೇಳಿದಿರಿ. ಅಕ್ಕ ಊದಿದ ಕಾಲನ್ನು ಮುಂದಕ್ಕೆ ಚಾಚಿ, ‘ಈ ಮೊಣಕಾಲು ಇನ್ನೊಂದು ವರ್ಷ ಬರುತ್ತೆ ಸರ್, ಎರಡು ಬರಲ್ಲ. ಆ ಒಂದು ವರ್ಷ ಇಲ್ಲೇ ಆಡ್ತೀನಿ. ಈ ಹುಡುಗಿಯರಿಗೆ ಕಲಿಸಿ, ನೀವು ಹೇಳೋ ಮೊದಲೇ ನಾನೇ ಹೋಗ್ತೀನಿ’ ಎಂದಳು. ಅವಳು ಯಾರಲ್ಲಾದರೂ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಾವು ‘ಯೋಚ್ನೆ ಮಾಡಿ ಹೇಳ್ತೀವಿ’ ಎಂದಿರಿ.

ಕೊಟ್ಟುಬಿಟ್ಟರೆ ಜನ ಬೈಯುತ್ತಾರೆ, ಇಟ್ಟುಕೊಂಡರೆ ಪುನರ್ನಿರ್ಮಾಣದ ಮರ್ಯಾದೆ ಹೋಗುತ್ತದೆ. ಹೀಗಾಗಿ ಏಳು ಸದಸ್ಯರು ಐದು ಸಭೆ ಸೇರಿ, ಒಂದು ಉಪಸಮಿತಿಯನ್ನೂ ಮಾಡಿ, ಅತ್ತ ಕೊಡದೆ ಇತ್ತ ಕರಾರನ್ನೂ ಮುಂದುವರಿಸದೆ ಯೋಚಿಸುತ್ತಿರುವಾಗ ತಿಂಗಳು ಮುಗಿಯಿತು. ಅದರೊಂದಿಗೆ ಅಕ್ಕನ ಕರಾರೂ ಮುಗಿಯಿತು. ಸಭೆಯ ಕೋಣೆಯಲ್ಲಿ ತಮ್ಮ ಅಂಗಡಿಯದೇ ಕ್ಯಾಲೆಂಡರ್ ತೂಗುತ್ತಿದ್ದರೂ ತಾರೀಕಿನಂಥ ಕ್ಷುಲ್ಲಕ ಸಂಗತಿಗೆ ತಾವ್ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಮರುದಿನವೇ ಆ ಮ್ಯಾನೇಜರು ಅವಳನ್ನು ನೇರವಾಗಿ ಸೇರಿಸಿಕೊಂಡರು. ಬದಲಿಗೆ ನಮಗೆ ಯಾರನ್ನೂ ಕೊಡಬೇಕಾಗಿಯೇ ಬರಲಿಲ್ಲ. ಅಕ್ಕನನ್ನೂ ಕಳೆದುಕೊಂಡು, ಇಬ್ಬರು ಫಾರ್ವರ್ಡ್‌ಗಳನ್ನೂ ಕಳೆದುಕೊಂಡ ಈ ಜಾಣ್ಮೆಯನ್ನು ಒಂಬತ್ತನೆಯ ಸ್ಥಾನದವರಾಗಿ ನಾವು ನಿರೀಕ್ಷಿಸಿಯೇ ಇರಲಿಲ್ಲ.

ಲಾಕರ್ ಖಾಲಿ ಮಾಡುವಾಗ ನಾನು ಅತ್ತೆ, ಅವಳು ಅಳಲಿಲ್ಲ. ಒಂಟಿ ಕಾಲುಚೀಲ, ಹಲ್ಲುದುರಿದ ಬಾಚಣಿಗೆ, ಅರ್ಧ ಸುರುಳಿ ಟೇಪು ಇಷ್ಟನ್ನು ಚೀಲಕ್ಕೆ ತುಂಬಿ, ‘ಆ ಹುಡುಗಿಯರನ್ನ ಬೈಬೇಡ ಕಣೇ, ಅವಕ್ಕೆ ಹೆದರಿಕೆ ಅಷ್ಟೇ’ ಎಂದು ಹೇಳಿ, ಕುಂಟುತ್ತ ಬಸ್ ನಿಲ್ದಾಣದ ಕಡೆ ನಡೆದಳು.

ಆದ್ದರಿಂದ ನನ್ನ ಅರಿಕೆ ಇಷ್ಟೇ. ಮುಂದಿನ ಪಂದ್ಯದಿಂದ ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ ಸಮಿತಿಯ ಸದಸ್ಯರು ಸರದಿಯ ಪ್ರಕಾರ ನಿಲ್ಲಬೇಕು, ಮೊದಲ ಸರದಿ ತಮ್ಮದೇ ಆಗಬೇಕು. ನುಗ್ಗಿ ಬರುವ ಫಾರ್ವರ್ಡ್‌ಗಳನ್ನು ‘ಯೋಚ್ನೆ ಮಾಡಿ ಹೇಳ್ತೀವಿ’ ಎಂದು ನಿಲ್ಲಿಸಬಲ್ಲವರು ತಮ್ಮನ್ನು ಬಿಟ್ಟರೆ ಇನ್ನಾರೂ ಇಲ್ಲ. ಸಭೆ ನಿರ್ಣಯ ಕೈಗೊಳ್ಳುವ ತನಕ ಚೆಂಡು ಗಾಳಿಯಲ್ಲೇ ಕಾಯತಕ್ಕದ್ದು ಎಂದು ಒಂದು ನಿಯಮವನ್ನೂ ಮಾಡಿಸಿದರೆ ಉಪಕಾರವಾಗುತ್ತದೆ.

ಖಾಲಿ ಗೋಲಿನ ಮುಂದೆ ಒಂಟಿಯಾಗಿ ನಿಂತಿದ್ದರೂ,
ಸದ್ಯಕ್ಕೆ ತಮ್ಮ ವಿಶ್ವಾಸಿಯೇ ಆಗಿರುವ,
ಗೋಲ್‌ಕೀಪರ್

ಮರೆತ ಮಾತು: ಬರುವ ತಿಂಗಳ ಕೊನೆಗೆ ನನ್ನ ಕರಾರೂ ಮುಗಿಯುತ್ತದೆ. ಅಕ್ಕ ನಿನ್ನೆ ಫೋನ್ ಮಾಡಿದ್ದಳು. ಅಲ್ಲಿನ ಗೋಲ್‌ಕೀಪರ್ ಆಟ ಬಿಡುತ್ತಿದ್ದಾಳಂತೆ. ತಾವು ದಯವಿಟ್ಟು ಅವಸರ ಮಾಡಬೇಡಿ, ನಿಧಾನವಾಗಿ ಯೋಚಿಸಿ.