ಐದು ಜನ ಕಿಕ್ಕರ್‌ಗಳು, ಒಂದು ಭಾನುವಾರ

ಏಪ್ರಿಲ್ ಹನ್ನೆರಡು, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಇದನ್ನು ಬರೆಯಲು ಕೂತ ಹೊತ್ತು. ದಿನಾಂಕ, ವೇಳೆ ಹಾಕದೆ ನನಗೆ ದಿನಸಿ ಚೀಟಿ ಬರೆಯಲೂ ಬರುವುದಿಲ್ಲ. ವೆಸ್ಟ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನಲ್ಲಿ ಈಗ ನಾನೊಬ್ಬನೇ ಇದ್ದೇನೆ. ಅಮೆರಿಕದ ಒಂದು ಕಂಪನಿಯ ಸರ್ವರ್‌ಗಳು ಉಸಿರಾಡುತ್ತಿವೆಯೇ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಸದ್ಯ ಉಸಿರಾಡುತ್ತಿವೆ.

ಶನಿವಾರ, ಭಾನುವಾರ ದುಡಿದು ಮಂಗಳವಾರ, ಬುಧವಾರ ರಜೆ ಪಡೆಯುವವನನ್ನು ಯಾರೂ ರಜೆಯಲ್ಲಿದ್ದಾನೆ ಎಂದು ನಂಬುವುದಿಲ್ಲ. ಕೆಲಸ ಹೋಗಿದೆ ಎಂದುಕೊಳ್ಳುತ್ತಾರೆ. ನಾನು ಬಾಡಿಗೆಗಿರುವುದು ಲಂಗಾಟಾದಲ್ಲಿ, ಸುಮಿತ್ರಕ್ಕನ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ. ಗೇಟಿನ ಕಾವಲುಗಾರ ಪ್ರತಿ ಮಂಗಳವಾರ ನನ್ನನ್ನು ನೋಡಿ, "ಲಿಯೊ ಹಕುನಾ ಕಾಜಿ?" ಎಂದು ಕೇಳುತ್ತಾನೆ. ಇಲ್ಲಿನವರ ಸ್ವಾಹಿಲಿಯಲ್ಲಿ, ಇವತ್ತು ಕೆಲಸವಿಲ್ಲವಾ ಎಂದು. ಆ ದನಿಯಲ್ಲಿ ಎಷ್ಟು ಮರುಕವೆಂದರೆ, ಒಂದೆರಡು ಸಲ ನಾನೇ ಶೂ ಹಾಕಿಕೊಂಡು ಹೊರಗೆ ಒಂದು ಸುತ್ತು ಹೋಗಿ ಬಂದಿದ್ದೇನೆ. ಬಟ್ಟೆ ಒಗೆಯುತ್ತೇನೆ. ಒಗೆದ ಬಟ್ಟೆ ಒಣಗುವುದನ್ನು ನೋಡುತ್ತೇನೆ. ಫೋನ್ ಮಾಡಿದರೆ ಗೆಳೆಯರೆಲ್ಲ ಮೀಟಿಂಗ್‌ನಲ್ಲಿರುತ್ತಾರೆ.

ಈ ಪರದೇಶದ ಊರಿನ ಕನ್ನಡದವರು ಸೇರುವುದು ಭಾನುವಾರ, ಅದೂ ಸುಮಿತ್ರಕ್ಕನ ಮನೆಯಲ್ಲೇ. ಅಕ್ಕನ ಯಜಮಾನರು ಔಷಧಿ ಫ್ಯಾಕ್ಟರಿಯಲ್ಲಿ ಮ್ಯಾನೇಜರು, ಕೈ ದೊಡ್ಡದು. ಬಿಸಿಬೇಳೆಬಾತು, ಹಪ್ಪಳ, ಆಮೇಲೆ ಇಸ್ಪೀಟು, ಅದರ ಮೇಲೆ ಕಾಫಿ. ನಾನು ಸಂಜೆ ಏಳಕ್ಕೆ ಮಟಾಟು ವ್ಯಾನ್ ಇಳಿದು ಬರುವಷ್ಟರಲ್ಲಿ ಎಲ್ಲರೂ ಕಾರು ಹತ್ತುತ್ತಿರುತ್ತಾರೆ. "ಅರೆ, ಶಶಿ, ಈಗ ಬಂದ್ಯಾ? ಮುಂದಿನ ವಾರ ಸಿಗೋಣ ಕಣಪ್ಪ" ಎನ್ನುತ್ತಾರೆ. ಎಂಟು ತಿಂಗಳಿಂದ ಅವರ ಕಾರುಗಳ ಹಿಂದಿನ ಕೆಂಪು ದೀಪಗಳ ಪರಿಚಯವಷ್ಟೇ ನನಗೆ ಚೆನ್ನಾಗಿ ಆಗಿದೆ. ಅಕ್ಕ ನನ್ನ ಪಾಲನ್ನು ಡಬ್ಬಿಯಲ್ಲಿ ಎತ್ತಿಟ್ಟಿರುತ್ತಾರೆ. ಬಾತು ಗಟ್ಟಿಯಾಗಿ ಡಬ್ಬಿಯ ಆಕಾರ ತಾಳಿರುತ್ತದೆ. ಕೋಣೆಯಲ್ಲಿ ಒಬ್ಬನೇ ಕೂತು ಅದನ್ನು ಮುಗಿಸುವಾಗ ನಾನು ಕೇಳಿಕೊಂಡದ್ದು ಒಂದೇ: ಒಂದು ಭಾನುವಾರ ಬೇಕು.

ಮಾರ್ಚ್ ಎರಡನೇ ವಾರ ನಮ್ಮ ಮ್ಯಾನೇಜರ್ ಪ್ರಭಾಕರ್ ಸರ್ ಆ ಆಸೆಗೆ ನೀರೆರೆದರು. ಮೈಸೂರಿನವರು, ಮಾತು ಮೆತ್ತಗೆ. "ನೋಡ್ರಪ್ಪಾ, ಕ್ಲೈಂಟ್ ಡ್ಯಾನ್‌ಗೆ ಅಮೆರಿಕನ್ ಫುಟ್‌ಬಾಲ್ ಅಂದ್ರೆ ಪ್ರಾಣ. ನಾವೆಲ್ಲ ಒಂದು ಮಾಕ್ ಡ್ರಾಫ್ಟ್ ಆಡಬೇಕಂತೆ. ಅವರೇ ಮಾರ್ಕ್ಸ್ ಕೊಡ್ತಾರೆ. ಗೆದ್ದವರು ಮುಂದಿನ ಮೂರು ತಿಂಗಳ ಶಿಫ್ಟನ್ನ ಮೊದಲು ಆರಿಸ್ಕೋಬಹುದು" ಎಂದರು. ಪಕ್ಕದ ಸೀಟಿನ ವಂಜಿಕು ಇಂಗ್ಲೆಂಡಿನ ಯಾವುದೋ ಕ್ಲಬ್ಬಿನ ಭಕ್ತೆ. ಅಮೆರಿಕದವರ ಆಟದ ಒಂದು ತುಣುಕು ನೋಡಿ, "ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ಓಡೋದಕ್ಕೆ ಇವರು ಫುಟ್‌ಬಾಲ್ ಅಂತಾರಾ?" ಎಂದಳು. ಆದರೆ ಶಿಫ್ಟಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳಮ್ಮ ಚರ್ಚಿನ ಗಾಯನ ತಂಡದ ಮುಖ್ಯಸ್ಥೆ. ಪ್ರತಿ ಭಾನುವಾರ ಮಗಳ ಜಾಗ ಖಾಲಿ ಬಿಟ್ಟೇ ಹಾಡಿಸುತ್ತಾರಂತೆ, ನೋಡಿದವರಿಗೆ ತಿಳಿಯಲಿ ಎಂದು.

ಡ್ರಾಫ್ಟ್ ಅಂದರೆ ಇಷ್ಟು: ಅಮೆರಿಕದಲ್ಲಿ ಕಾಲೇಜಿನಲ್ಲಿ ಆಡುವ ಹುಡುಗರನ್ನು ವರ್ಷಕ್ಕೊಮ್ಮೆ ದೊಡ್ಡ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ನಿಜವಾದ ಆಯ್ಕೆಗೆ ಮುಂಚೆ ಜನ ಮನೆಯಲ್ಲಿ ಕೂತು, ತಾವೇ ತಂಡದ ಒಡೆಯರೆಂದುಕೊಂಡು, ಸುಮ್ಮನೆ ಆರಿಸಿ ನೋಡುತ್ತಾರೆ. ಅದು ಮಾಕ್ ಡ್ರಾಫ್ಟ್. ಅಲ್ಲಿನ ಒಂದು ನಿಯಮ ಓದಿ ನಾನು ಮತ್ತೆ ಓದಿದೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಗೆದ್ದವರಿಗೆ ಕೊನೆಯದು. ನಮ್ಮ ಕಡೆ ರ‍್ಯಾಂಕ್ ಬಂದವನು ಮೊದಲು ಸೀಟು ಹಿಡಿಯುತ್ತಾನೆ, ಉಳಿದದ್ದು ಉಳಿದವರಿಗೆ. ಉಳಿದವರಲ್ಲೇ ಬೆಳೆದ ನನಗೆ ಅಮೆರಿಕದ ಮೇಲೆ ಮೊದಲ ಬಾರಿ ಗೌರವ ಹುಟ್ಟಿತು.

ಇನ್ನೊಂದು ಅನುಕೂಲವೂ ಇತ್ತು. ಆಟದ ಹೊತ್ತಿಗೆ ಹಾಜರಿರಲಾಗದವರು ಬೇಕಾದ ಹುಡುಗರ ಹೆಸರನ್ನು ಮೊದಲೇ ಕ್ರಮವಾಗಿ ತುಂಬಿಟ್ಟರೆ, ಸರದಿ ಬಂದಾಗ ಮೆಶೀನು ಮೇಲಿನಿಂದ ಆರಿಸುತ್ತ ಹೋಗುತ್ತದೆ. ಓದಿದ ಕೂಡಲೇ ಧೈರ್ಯ ಬಂತು. ಇದು ನಮ್ಮ ಸಿಇಟಿ ಆಪ್ಷನ್ ಎಂಟ್ರಿಯೇ ಅಲ್ಲವೇ? ಅಪ್ಪ ಸೈಬರ್ ಕೆಫೆಯಲ್ಲಿ ಬೆನ್ನ ಹಿಂದೆ ನಿಂತು, "ತುಂಬು, ಇನ್ನೂ ತುಂಬು, ಕಾಲೇಜು ಎಲ್ಲಿದೆ ಅಂತ ಆಮೇಲೆ ನೋಡೋಣ" ಎಂದು ನೂರಕ್ಕೂ ಮೇಲೆ ಆಪ್ಷನ್ ತುಂಬಿಸಿದ್ದರು. ಆ ವಿದ್ಯೆ ವ್ಯರ್ಥವಾಗಬಾರದು.

ಮಂಗಳವಾರ, ಬುಧವಾರ ಎರಡೂ ರಜೆಯನ್ನು ಅದಕ್ಕೇ ಕೊಟ್ಟೆ. ಹುಡುಗರ ವಿವರ ಇಂಟರ್‌ನೆಟ್‌ನಲ್ಲಿ ಧಾರಾಳವಾಗಿತ್ತು. ಎತ್ತರ, ತೂಕ, ನಲವತ್ತು ಗಜ ಓಡುವ ವೇಗ, ನಿಂತಲ್ಲಿಂದ ನೆಗೆಯುವ ಎತ್ತರ, ತೋಳಿನ ಉದ್ದ, ಕೊನೆಗೆ ಅಂಗೈ ಅಗಲ. ಸುಮಿತ್ರಕ್ಕ ಕಾಫಿ ತಂದವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಇಷ್ಟೊಂದು ಅಳತೆ ತಗೊಂಡು ಏನು, ಬ್ಲೌಸ್ ಹೊಲಿಸ್ತಾರಾ?"

"ಇಲ್ಲಕ್ಕಾ, ಆಟಕ್ಕೆ ಆರಿಸೋದು."

"ಆಟ ಹೇಗೆ ಆಡ್ತಾನೆ ಅನ್ನೋದು ಇದರಲ್ಲಿ ಎಲ್ಲಿದೆ?"

ನನಗೂ ಹೌದೆನ್ನಿಸಿತು. ಅಳತೆಗಳನ್ನೆಲ್ಲ ಅಳಿಸಿ ಒಂದೇ ಅಂಕಣ ಉಳಿಸಿಕೊಂಡೆ: ಮಾಡಲು ಹೋದ ಕೆಲಸ ನೂರಕ್ಕೆ ಎಷ್ಟು ಸಲ ಕೈಗೂಡಿತು. ಇಲ್ಲಿ ನನ್ನ ವೃತ್ತಿ ನನಗೆ ಅಡ್ಡ ಬಂತು. ಇಡೀ ತಂಡವೇ ಆಧರಿಸಿರುವ, ಚೆಂಡು ಎಸೆಯುವ ಹುಡುಗ ನೂರಕ್ಕೆ ಅರವತ್ತೈದರಷ್ಟು ಸರಿಯಾಗಿ ಎಸೆದರೆ ಜನ ಅವನನ್ನು ಹೊತ್ತು ಮೆರೆಸುತ್ತಾರಂತೆ. ನಮ್ಮ ಸರ್ವರ್ ನೂರಕ್ಕೆ ಅರವತ್ತೈದರಷ್ಟು ಹೊತ್ತು ನಡೆದರೆ ಪ್ರಭಾಕರ್ ಸರ್ ಮೈಸೂರಿಗೆ ವಾಪಸು, ಅವರ ಹಿಂದೆಯೇ ನಾನು. ಅಂಥ ಹುಡುಗನಿಗೆ ಕೋಟಿ ಕೊಡುವುದುಂಟೇ? ಹುಡುಕುತ್ತ ಹೋದಂತೆ ತೊಂಬತ್ತರ ಆಸುಪಾಸಿನವರು ಸಿಕ್ಕರು. ಕಿಕ್ಕರ್‌ಗಳು. ಉಳಿದವರು ಗುದ್ದಾಡಿ ಚೆಂಡನ್ನು ಮುಂದೆ ತಂದು ಕೊಟ್ಟಾಗ ಒಳಗೆ ಬಂದು, ಎರಡು ಕಂಬದ ನಡುವೆ ಅದನ್ನು ಒದ್ದು, ಬಟ್ಟೆಗೆ ಮಣ್ಣಾಗದೆ ಹೋಗಿ ಕೂರುವವರು. ಗಲಾಟೆಯಿಲ್ಲ, ಗಾಯವಿಲ್ಲ, ಸದಾ ಆನ್. ಇವರನ್ನು ಬಿಟ್ಟು ಜನ ಉಳಿದವರ ಹಿಂದೆ ಯಾಕೆ ಬೀಳುತ್ತಾರೆ ಎಂದು ಮರುಕವಾಯಿತು. ಪಟ್ಟಿಯ ಮೇಲಿನ ಹೆಸರುಗಳೆಲ್ಲ ಅವರವೇ ಆದವು.

ಮಾರ್ಚ್ ಹದಿನಾಲ್ಕು, ಶನಿವಾರ ಮಧ್ಯಾಹ್ನ ಆಟ. ನಾನು ಶಿಫ್ಟಿನಲ್ಲಿದ್ದೆ. ಸರಿಯಾಗಿ ಆ ಹೊತ್ತಿಗೇ ಒಂದು ಸರ್ವರ್ ಮುನಿಸಿಕೊಂಡಿತು. ಅದನ್ನು ರಮಿಸಿ ಬಂದು ನೋಡಿದರೆ ಐದೂ ಸುತ್ತು ಮುಗಿದಿತ್ತು. ನನಗೆ ಮೊದಲನೇ ಆಪ್ಷನ್ ಸಿಕ್ಕಿತ್ತು. ಎರಡನೆಯದೂ. ಐದೂ ಸಿಕ್ಕಿದ್ದವು. ಜೀವನದಲ್ಲಿ ಕೇಳಿದ್ದು ಕೇಳಿದ ಹಾಗೆ ಸಿಕ್ಕಿದ್ದು ಅದೇ ಮೊದಲು, ಹತ್ತು ನಿಮಿಷ ಸುಖವಾಗಿದ್ದೆ. ಸಿಇಟಿಯಲ್ಲಿ ಎಷ್ಟೇ ಆಪ್ಷನ್ ತುಂಬಿದರೂ ಸಿಗುವುದು ಒಂದು ಸೀಟು, ಇಲ್ಲಿ ತುಂಬಿದ್ದೆಲ್ಲ ಬಂದು ಮನೆಯಲ್ಲಿ ಕೂರುತ್ತದೆ ಎನ್ನುವುದು ನನಗೆ ಹೊಳೆದಿರಲಿಲ್ಲ.

ಸೋಮವಾರದ ಕಾಲ್‌ನಲ್ಲಿ ಡ್ಯಾನ್ ಒಬ್ಬೊಬ್ಬರ ತಂಡವನ್ನೂ ವಿಮರ್ಶಿಸಿದರು. ನನ್ನದು ಬಂದಾಗ ಐದೂ ಹೆಸರನ್ನು ಎರಡೆರಡು ಸಲ ಓದಿದರು. "ಒದೆಯಲು ಐದು ಜನ ಇದ್ದಾರೆ. ಒದೆಯುವ ಜಾಗದವರೆಗೆ ಚೆಂಡನ್ನು ತರುವವರು ಯಾರು?" ಎಂದು ಮೃದುವಾಗಿ ಕೇಳಿದರು. ಕಾಲ್ ಮುಗಿದ ಮೇಲೆ ಪ್ರಭಾಕರ್ ಸರ್‌ಗೆ ಬೇರೆಯಾಗಿ ಫೋನ್ ಮಾಡಿ, ಹುಡುಗ ಆರೋಗ್ಯವಾಗಿದ್ದಾನೆಯೇ ಎಂದು ವಿಚಾರಿಸಿದರಂತೆ. ಗೆದ್ದವರು ಪ್ರಭಾಕರ್ ಸರ್, ಕೊನೆಯವನು ನಾನು. ಹೇಗೆ ಸರ್ ಎಂದರೆ, "ಅದರಲ್ಲೇನಿದೆಯಯ್ಯಾ? ಹಿಂದಿನ ದಿನ ಡ್ಯಾನ್‌ನನ್ನೇ ಕೇಳ್ದೆ, ನೀವಾಗಿದ್ರೆ ಯಾರನ್ನ ತಗೋತೀರಾ ಸರ್ ಅಂತ. ಹೇಳಿದ್ರು, ಬರ್ಕೊಂಡೆ" ಎಂದರು. ಅವರಿಗೆ ಮೊದಲಿನಿಂದಲೂ ಶನಿವಾರ, ಭಾನುವಾರ ರಜೆಯೇ.

ಕಳೆದುಕೊಳ್ಳಲು ಏನೂ ಉಳಿಯದವನಿಗೆ ಬರುವ ಧೈರ್ಯದಿಂದ ನಾನು ಒಂದು ಮೇಲ್ ಬರೆದೆ. ಈ ಆಟದ ಧರ್ಮವೇ ಕೊನೆಯವನಿಗೆ ಮೊದಲ ಆಯ್ಕೆ ಕೊಡುವುದು. ಶಿಫ್ಟಿಗೂ ಅದೇ ಅನ್ವಯವಾಗಬೇಡವೇ? ಪ್ರಭಾಕರ್ ಸರ್, "ಅದು ಆಟ ಕಣಯ್ಯ, ಇದು ಆಫೀಸು" ಎಂದರು. ಆದರೆ ಮೇಲ್‌ನಲ್ಲಿ ಡ್ಯಾನ್ ಕೂಡ ಇದ್ದರು. ಅವರಿಗೆ ವಾದ ಬಹಳ ಹಿಡಿಸಿತು. ಶುಕ್ರವಾರ ಹನ್ನೊಂದಕ್ಕೆ ಆಯ್ಕೆ, ಮೊದಲ ಸರದಿ ನನ್ನದು, ಡ್ರಾಫ್ಟಿನ ಪದ್ಧತಿಯಂತೆ ಹತ್ತು ನಿಮಿಷ ಗಡುವು, ಗಡುವು ಮೀರಿದರೆ ಮುಂದಿನವರದು ಎಂದು ಬರೆದರು. ಸುಮಿತ್ರಕ್ಕನಿಗೆ ಹೇಳಿದೆ. "ನಿಂಗೂ ಸೇರಿಸಿ ಅಕ್ಕಿ ಹಾಕ್ತೀನಿ ಹಾಗಿದ್ರೆ" ಎಂದರು. ಬಿಸಿ ಬಾತು ಎಷ್ಟು ನೀರಾಗಿರುತ್ತದೆ ಎನ್ನುವುದೇ ಮರೆತಿತ್ತು.

ಶುಕ್ರವಾರ ಹನ್ನೊಂದಕ್ಕೆ ಪರದೆಯ ಮೇಲೆ ನಮ್ಮ ನಾಲ್ವರ ನಾಲ್ಕು ಶಿಫ್ಟು ಬಂದವು. ಶನಿವಾರ-ಭಾನುವಾರ ರಜೆ ಎನ್ನುವುದರ ಮೇಲೆ ಒತ್ತಬೇಕು, ಅಷ್ಟೆ. ಬೆರಳು ಹತ್ತಿರ ಹೋಗಿತ್ತು. ಆಗ ಕಂಡದ್ದು ಭಾನುವಾರ-ಸೋಮವಾರ. ಅದರಲ್ಲೂ ಭಾನುವಾರವಿದೆ. ಶನಿವಾರ ಕೆಲಸ ಮಾಡಿದರೆ ಸಿಗುವ ಭತ್ಯೆಯೂ ಇದೆ. ಸೋಮವಾರ ಬೀಳುವ ಸರ್ಕಾರಿ ರಜೆಗಳು ಮಾತ್ರ ನಷ್ಟವಾಗುತ್ತವೆ. ಎಷ್ಟಿವೆ ನೋಡೋಣ ಎಂದು ಕ್ಯಾಲೆಂಡರ್ ತೆಗೆದೆ. ಈಸ್ಟರ್ ಸೋಮವಾರವನ್ನು ಲಾಭದ ಕಡೆ ಬರೆಯಬೇಕೋ ನಷ್ಟದ ಕಡೆಯೋ ಎನ್ನುವಲ್ಲಿ ಸ್ವಲ್ಪ ತಡವಾಯಿತು. ಉತ್ತರ ಮಾತ್ರ ಸ್ಪಷ್ಟವಾಗಿ ಬಂತು: ಶನಿವಾರ-ಭಾನುವಾರವೇ ಒಳ್ಳೆಯದು. ತಲೆ ಎತ್ತಿದಾಗ ಹನ್ನೊಂದೂಕಾಲು.

ಅಷ್ಟರಲ್ಲಿ ಉಳಿದ ಮೂವರೂ ಆರಿಸಿ ಮುಗಿಸಿದ್ದರು. ಶನಿವಾರ-ಭಾನುವಾರ ವಂಜಿಕುಗೆ ಹೋಗಿತ್ತು. ಅವಳು ಕುರ್ಚಿ ತಿರುಗಿಸಿ, "ಪೋಲೆ ಸಾನಾ, ಶಶಿ. ನೀನು ಬೇಡ ಅಂತ ಬಿಟ್ಟೆಯೇನೋ ಅಂದುಕೊಂಡೆ. ಅಮ್ಮನಿಗೆ ಆಗಲೇ ಮೆಸೇಜ್ ಹಾಕಿಬಿಟ್ಟೆ" ಎಂದಳು. ಕ್ಷಮೆ ಕೇಳುವವಳ ಮುಖ ಅಷ್ಟು ಬೆಳಗುತ್ತಿದ್ದರೆ ವಾಪಸು ಕೊಡು ಎಂದು ಹೇಗೆ ಕೇಳುವುದು? ನನಗೆ ಉಳಿದದ್ದು ಮಂಗಳವಾರ, ಬುಧವಾರ. ಸುಮಿತ್ರಕ್ಕ ಸುದ್ದಿ ಕೇಳಿ, "ಹೋಗಲಿ ಬಿಡು" ಎಂದು ಹೇಳಿ, ಹಳೆಯದಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ ತೆಗೆದಿಟ್ಟರು.

ಈಗ ಒಂದು ಗಂಟೆ. ಲಂಗಾಟಾದಲ್ಲಿ ಹಪ್ಪಳ ಕರಿಯುತ್ತಿರಬಹುದು. ಅಮೆರಿಕದ ಈ ಆಟ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ: ಐದು ಜನ ಕಿಕ್ಕರ್‌ಗಳನ್ನು ಇಟ್ಟುಕೊಂಡು ಗೆದ್ದ ತಂಡ ಎಲ್ಲಾದರೂ ಉಂಟೇ? ಯಾವುದು ಬೇಕೆಂದು ಗೊತ್ತಿದ್ದೂ ಲೆಕ್ಕಕ್ಕೆ ಕೂರುವ ಅಭ್ಯಾಸಕ್ಕೆ ಮದ್ದು ಗೊತ್ತಿದ್ದವರೂ ಬರೆಯಬಹುದು. ಉತ್ತರವನ್ನು ತಪ್ಪದೆ ಬರೆಯುತ್ತೇನೆ. ಮಂಗಳವಾರ ನಾನು ಇಡೀ ದಿನ ಬಿಡುವಾಗಿರುತ್ತೇನೆ.