ಪಿಕಪ್ಪಿನ ನಡುಕವೂ ಅಣ್ಣನ ಬಲಗಾಲೂ

ನಾನು ಹೇಳಬೇಕಿದ್ದದ್ದು ಒಂದೇ ಮಾತು. ಅದನ್ನು ಎಂಟು ತಿಂಗಳು ಹೇಳಲಿಲ್ಲ. ಅದರ ಬದಲು ನಮ್ಮಣ್ಣನನ್ನು ನೋಡಿ ನಗುತ್ತಾ ಕಾಲ ಕಳೆದೆ. ನಗುವುದಕ್ಕೆ ಅವನೇನು ಕಡಿಮೆ ಸರಕು ಒದಗಿಸುತ್ತಿದ್ದನೆ?

ಹೊನ್ನಾಳಿ ಸೀಮೆಯಲ್ಲಿ ಹೆಂಡತಿಗಿಂತ ಗಾಡಿಯ ಆರೋಗ್ಯವನ್ನೇ ಹೆಚ್ಚು ವಿಚಾರಿಸುತ್ತಿದ್ದ ಗಂಡಸು ಅವನೊಬ್ಬನೇ. ನ್ಯಾಮತಿ ಇನ್ನೂ ತಾಲ್ಲೂಕಾಗಿರದ, ಎಂಬತ್ತರ ಆಸುಪಾಸಿನ ಮಾತಿದು. ಅವನ ಹಳೇ ಪಿಕಪ್ಪು ಜಗಳೂರಿಂದ ಈರುಳ್ಳಿ ಹೊತ್ತು ಬಂದರೆ, ಅತ್ತಿಗೆ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಇವನು ಮೊದಲು ನಾಲ್ಕು ಗಾಲಿಗೂ ಅಂಗೈ ಒಡ್ಡಿ, ಮಗುವಿನ ಜ್ವರ ನೋಡುವಂತೆ ಕಾವು ನೋಡುತ್ತಿದ್ದ.

“ಆರೋತನಕ ಯಾರೂ ಗಾಲಿಗೆ ನೀರು ಹಾಕಬ್ಯಾಡ್ರಿ. ಒಳಗೆ ಬ್ರೇಕಿನ ಡ್ರಮ್ಮು ಕಾದಿರತೈತೆ. ತಣ್ಣೀರು ಬಿದ್ರೆ ಸೊಟ್ಟಾಗತೈತೆ.”

“ಹಸಿಬಾಣಂತಿ ನೋಡು, ತಣ್ಣೀರು ತಾಗಬಾರ್ದು” ಎನ್ನುತ್ತಿದ್ದೆ ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳೇ ಇರಬಹುದು, ಕಬ್ಬಿಣಕ್ಕೂ ಶೀತವಾಗುತ್ತದೆ ಅಂದರೆ ನಂಬುವಷ್ಟು ದಡ್ಡಿಯೇ!

ಆ ವರ್ಷ ಆಯುಧಪೂಜೆಯ ದಿನ ಅವನು ಬಂದದ್ದೇ ತಡವಾಗಿ. ಅವನು ಸ್ನಾನಕ್ಕೆ ಹೋದಾಗ, ಪೂಜೆಗೆ ಹೊತ್ತಾಯಿತೆಂದು ನಾನು ಮುಂದಿನ ಗಾಲಿಗಳಿಗೆ ಕೊಡಗಟ್ಟಲೆ ಬಾವಿ ನೀರು ಸುರಿದೆ. ಚುಂಯ್ ಎಂದು ಹಬೆ ಎದ್ದಿತು. ಒರೆಸಿ ವಿಭೂತಿ ಬಳಿದೆ.

ಮರುದಿನದಿಂದ ಬ್ರೇಕು ತುಳಿದರೆ ಸಾಕು, ಗಾಡಿಗೆ ಗಡಗಡ ನಡುಕ. ಅಣ್ಣನ ಪತ್ತೇದಾರಿಕೆ ಶುರುವಾಯಿತು. ನಟ್ಟು ಬಿಗಿದ, ಬ್ರೇಕಿನ ಲೈನರ್ ಬದಲಿಸಿದ, ಸ್ಪ್ರಿಂಗು ಬದಲಿಸಿದ. ಕೊನೆಗೆ ತುಂಬಿದ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿ ಓಡಿಸಿ, ನಡುಕಕ್ಕೆ ಎಷ್ಟು ನೀರು ಚೆಲ್ಲಿತೆಂದು ಬೆರಳಲ್ಲಿ ಅಳೆದ. ಪಂಚೆ ಒದ್ದೆ ಮಾಡಿಕೊಂಡು ಇಳಿದವನಿಗೆ, “ಯಾಕಣ್ಣ, ಈ ವಯಸ್ನಾಗೆ ಹಿಂಗಾ?” ಎಂದೆ. ಓಣಿಗೆ ಓಣಿಯೇ ನಕ್ಕಿತು.

ಮೆಕ್ಯಾನಿಕ್ಕು ಮನೆಗೇ ಬಂದು, “ಡ್ರಮ್ಮು ಸೊಟ್ಟಾಗಿರಬೇಕು, ಲೇತಿಗೆ ಕೊಟ್ಟು ಕಡೆಸಿ ನೋಡ್ರಿ” ಎಂದ.

“ಅದೊಂದು ಬಿಡ್ರಿ. ಸೊಟ್ಟಾಗಾಕೆ ಕಾದಾಗ ನೀರು ಬೀಳಬೇಕು. ನಮ್ಮನ್ಯಾಗೆ ಅಂಥೋರು ಯಾರೂ ಇಲ್ಲ.”

ಬಾಗಿಲಲ್ಲಿದ್ದ ನಾನು ಸೆರಗು ಬಾಯಿಗಿಟ್ಟು ನಕ್ಕೆ. ಹೊಸ್ತಿಲ ಬಳಿಯಿದ್ದ ಕೊಡವನ್ನು ಮಾತ್ರ ಕಾಲಲ್ಲೇ ಒಳಕ್ಕೆ ಸರಿಸಿದೆ.

ಎಂಟನೇ ತಿಂಗಳಿಗೆ, ಆ ಡ್ರಮ್ಮೊಂದು ಬಿಟ್ಟರೆ, ಬದಲಿಸಲು ಇನ್ನೇನೂ ಉಳಿದಿರಲಿಲ್ಲ. ಒಂದು ಬೆಳಗ್ಗೆ ಅಣ್ಣ ಕಟ್ಟೆಯ ಮೇಲೆ ಬಲಗಾಲು ಚಾಚಿ, ಮೊಣಕಾಲ ಮೇಲೆ ಅದೇ ಚೊಂಬು ಇಟ್ಟು ದಿಟ್ಟಿಸುತ್ತಿದ್ದ. ನಗಲೆಂದೇ ಹತ್ತಿರ ಹೋದೆ.

“ತಂಗೀ, ನಡುಕ ಗಾಡೀದಲ್ಲ, ಬ್ರೇಕು ತುಳಿಯೋ ನನ್ನ ಕಾಲಿಂದು. ಅಪ್ಪಗೂ ನಡುಕದ ರೋಗ ಹಿಂಗೇ ಶುರುವಾಗಿತ್ತಲ್ಲ. ನಾಳೆ ಗಾಡಿ ಮಾರಿಬಿಡ್ತೀನಿ. ಯಾರಿಗಾದ್ರೂ ಗುದ್ದೋಕಿಂತ ಮುಂಚೆ ಇಳಿಯೋದು ವಾಸಿ.”

ಚೊಂಬಿನ ನೀರು ಒಂದಿಷ್ಟೂ ಅಲುಗುತ್ತಿರಲಿಲ್ಲ. ಅವನ ಕಣ್ಣಿಗೆ ಮಾತ್ರ ಅಲುಗುತ್ತಿತ್ತು. ಚೊಂಬನ್ನು ನಾನು ಎತ್ತಿಕೊಂಡೆ. ನನ್ನ ಕೈಯಲ್ಲಿ ಅದು ತುಳುಕಿತು.

“ನಿನ್ನ ಕಾಲು ನೆಟ್ಟಗೈತೆ. ಆಯುಧಪೂಜೆ ದಿನ ಕಾದ ಗಾಲಿಗೆ ನೀರು ಹಾಕಿದೋಳು ನಾನು. ತಪ್ಪಾತಣ್ಣ.”