ಖತ್ತಾರ್ ಬೇ ಮನೆಯ ಕಹಿ ಕಾಫಿ

ಇದಕ್ಕೆಲ್ಲ ಕಾರಣ ಸಕ್ಕರೆ ಡಬ್ಬಿಗೆ ಮುತ್ತಿದ ಇರುವೆ.

ಹಿಂದಿನ ಚುನಾವಣೆಯಲ್ಲಿ ಸೋತ ಮೇಲೆ ಬೆಟ್ಟದೂರಿನ ಹಳೆ ಧಣಿ ಖತ್ತಾರ್ ಬೇಯ ಹಜಾರದ ಇಪ್ಪತ್ತು ಕುರ್ಚಿಗಳು, ಹಲ್ಲು ಕಟ್ಟಿಸಿಕೊಂಡೂ ಊಟ ಸಿಗದ ಮುದುಕನ ಬಾಯಿಯ ಹಾಗೆ ಸುಮ್ಮನೆ ಸಾಲಾಗಿ ಕೂತಿದ್ದವು. ಹೆಂಡತಿ ತೀರಿಕೊಂಡಿದ್ದಳು. ತಮ್ಮ ಅಸದ್ ಬ್ರೆಜಿಲ್ ಸೇರಿ ಮೂವತ್ತು ವರ್ಷ. ಭಾಷಣವನ್ನು ಬೇ ಈಗ ಬೆಕ್ಕಿಗೆ ಹೇಳುತ್ತಿದ್ದ. ಅದೂ ಮಧ್ಯದಲ್ಲೇ ಎದ್ದು ಹೋಗುತ್ತಿತ್ತು.

ಅವತ್ತು ಹನ್ನೊಂದಕ್ಕೆ ಬೈರೂತ್‌ನಿಂದ ಫ್ರೆಂಚ್ ಸಲಹೆಗಾರ ಬರುವವನಿದ್ದ. ಶಾಸನಸಭೆಯಲ್ಲಿ, ಆಗ ನಾಡನ್ನು ಆಳುತ್ತಿದ್ದ ಫ್ರೆಂಚರೇ ನೇಮಿಸುವ, ಮರೋನೈಟ್ ಕ್ರೈಸ್ತರ ಒಂದು ಸ್ಥಾನ ಖಾಲಿಯಿತ್ತು. ಅದು ಸಿಕ್ಕರೆ ಮನೆಗೆ ಮತ್ತೆ ಜನ ಬಂದಾರು ಎಂಬುದೊಂದೇ ಬೇಯ ಆಸೆ. ಆದರೆ ಸಲಹೆಗಾರನಿಗೆ ತೋರಿಸಲು ಹಿಂದೆ ಒಂದು ನರಪಿಳ್ಳೆಯೂ ಇಲ್ಲವಲ್ಲ!

ಒಂಬತ್ತಕ್ಕೆ ಪಕ್ಕದ ಮನೆಯ ಮುದುಕಿ ಉಮ್ ತನ್ನೂಸ್ ಜರಡಿ ಕೇಳಲು ಬಂದಳು. ಬಂದವಳನ್ನು ಬರಿಗೈಲಿ ಬಿಡಬಾರದೆಂದು ಬೇ ತಾನೇ ಕಾಫಿ ಕಾಯಿಸಿ ಕೊಟ್ಟ. ಒಂದು ಗುಟುಕಿಗೇ ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ ಮರಿಯಮ್ಮ ತಾಯಿ, ಸಕ್ಕರೇನೇ ಇಲ್ಲ! ಯಾರು ಹೋದ್ರೋ ಖತ್ತಾರ್? ಬ್ರೆಜಿಲ್‌ನಿಂದ ತಂತಿ ಬಂತಾ? ಅಸದಾ?"

"ಅಲ್ಲಮ್ಮ, ಇರುವೆ..."

"ದುಃಖದಲ್ಲಿ ಏನೇನೋ ಬಡಬಡಿಸ್ತಿದೀಯ ಮಗಾ. ಸಕ್ಕರೆ ಇಲ್ದೆ ಕೊಡೋ ಸಾವಿನ ಮನೆ ಕಾಫಿ ನಂಗೆ ಗೊತ್ತಾಗಲ್ವಾ? ಮೂರು ಜನ ಗಂಡಂದಿರನ್ನ ಹೂತೋಳು ನಾನು!"

ಜರಡಿ ಮರೆತು ಓಡಿದಳು. ಅರೆಗಳಿಗೆಯಲ್ಲಿ ಇಗರ್ಜಿಯ ಗಂಟೆ ಸಾವಿನ ಲಯದಲ್ಲಿ ಮೊಳಗಿತು.

ಹತ್ತೂವರೆಗೆ ಅಂಗಳ ತುಂಬಿತು. ಓಟು ಕೊಡದವರೆಲ್ಲ ಕಪ್ಪು ಬಟ್ಟೆ ತೊಟ್ಟು ಬಂದಿದ್ದರು. "ನಮ್ಮ ಅಸದ್‌ನಂಥೋನು ಇನ್ನು ಹುಟ್ಟಲ್ಲ ಬಿಡಿ," ಎಂದು, ಅವನನ್ನು ಕಂಡೇ ಇರದ ಕಟುಕ ದಾಹಿರ್ ಬಿಕ್ಕಿದ. ಯಾರೋ ಬೇಯ ಹೆಗಲ ಮೇಲೆ ಕೈಯಿಟ್ಟರು. ಎರಡು ವರ್ಷದಿಂದ ಆ ಹೆಗಲನ್ನು ಯಾರೂ ಮುಟ್ಟಿರಲಿಲ್ಲ. ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕಾರಿನ ಸದ್ದು. ಬಾಯಿ ಮುಚ್ಚಿದ.

ಸಲಹೆಗಾರ ಇಳಿದು ನೋಡುತ್ತಾನೆ: ಇನ್ನೂರು ಜನ, ಸರದಿಯಲ್ಲಿ ಬೇಯ ಕೆನ್ನೆಗೆ ಮುತ್ತಿಡುತ್ತಿದ್ದಾರೆ.

"ಇವರೆಲ್ಲ ನಿಮ್ಮೋರಾ?"

"ಒಂದು ಮಾತು ಸಾಕು ಮೆಸ್ಯೂ, ಇಡೀ ಬೆಟ್ಟಾನೇ ಇಳಿದು ಬರುತ್ತೆ," ಎಂದ ಬೇ, ಎದೆಯುಬ್ಬಿಸಿ.

ಸಲಹೆಗಾರ ಜೇಬಿನಿಂದ ಕಾಗದ ತೆಗೆದು ಅದರಲ್ಲಿದ್ದ ಒಂದೇ ಹೆಸರನ್ನು ಹೊಡೆದುಹಾಕಿದ.

"ಛೆ! ನಿಮ್ಮ ಮನೆ ಹತ್ರ ನಾಯೀನೂ ಸುಳಿಯಲ್ಲ ಅಂತ ವರದಿ ಬಂದಿತ್ತು. ಅದಕ್ಕೇ ನಿಮ್ಮನ್ನ ಆರಿಸಿದ್ದೆ. ಹಿಂದೆ ಜನ ಇರೋನು ನಾಳೆ ನಮಗೇ ತಿರುಗಿ ನಿಲ್ತಾನೆ."

ಕಾರು ಹೊರಟಿತು. ಬೇ ಹಿಂದೆಯೇ ಓಡಿದ. "ಮೆಸ್ಯೂ, ನಿಲ್ಲಿ! ನಂಗ್ಯಾರೂ ಇಲ್ಲ! ತಮ್ಮ ಸತ್ತೇ ಇಲ್ಲ, ಇವರೆಲ್ಲ ಸುಮ್ನೆ ಬಂದೋರು!"

ಕಾರಿಗೆ ಕೇಳಿಸಲಿಲ್ಲ. ಊರಿಗೆ ಕೇಳಿಸಿತು.

"ಬದುಕಿದಾನಾ?" ದಾಹಿರ್ ಕಣ್ಣೊರೆಸಿಕೊಂಡು ಗುಡುಗಿದ. "ಅಂಗಡಿ ಮುಚ್ಚಿ ಬಂದು ಅತ್ತಿದೀನಲ್ಲಯ್ಯ! ಇನ್ನು ನೀನು ಸತ್ರೂ ಈ ಕಡೆ ತಲೆ ಹಾಕಲ್ಲ!"

ಮಧ್ಯಾಹ್ನದ ಹೊತ್ತಿಗೆ ಆ ಬೆಟ್ಟದ ಮೇಲೆ ಖತ್ತಾರ್ ಬೇಗಿಂತ ಒಂಟಿಯಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಫ್ರೆಂಚರಿಗೆ ಬೇಕಾಗಿದ್ದದ್ದು ಸರಿಯಾಗಿ ಅಂಥವನೇ. ಆದರೆ ಕಾರು ಆಗಲೇ ಬೈರೂತ್ ಮುಟ್ಟಿತ್ತು.